ಆಂಟಿಆಕ್ಸಿಡೆಂಟ್ ಅಂದ್ರೆ ಏನು, ಸೊಪ್ಪಲ್ಲಿದ್ರೆ ಒಳ್ಳೇದು ಅಂತಾರೆ ಮಾತ್ರೇಲಿದ್ರೆ ಬೇಡ ಅಂತಾರಲ್ಲ ಯಾಕೆ

ಬೆಣ್ಣೆ ಕಾಯಿಸಿ ತುಪ್ಪ ಮಾಡೋವಾಗ ಕೊನೇಲಿ ಒಂದು ವೀಳ್ಯದೆಲೆ ಹಾಕೋದು ನಮ್ಮ ಮನೇಲಿ ರೂಢಿ, ಕೆಲವರ ಮನೇಲಿ ಕರಿಬೇವು ಹಾಕ್ತಾರೆ, ಇನ್ನು ಕೆಲವರು ನಾಲ್ಕು ಕಾಳು ಮೆಂತ್ಯ. ಯಾಕಜ್ಜಿ ಅಂತ ಕೇಳಿದ್ರೆ ಘಮ ಬರತ್ತೆ, ತುಪ್ಪ ಬೇಗ ಕೆಡಲ್ಲ ಅಂತಿದ್ರು. ಆ ಎರಡನೇ ಮಾತು ಪೂರ್ತಿ ಕೆಮಿಸ್ಟ್ರಿ ಕಣ್ರೀ. ತುಪ್ಪ, ಎಣ್ಣೆ, ಒಣಕೊಬ್ಬರಿ ಇವೆಲ್ಲ ಗಾಳಿಗೆ ಬಿಟ್ಟು ಬಹಳ ದಿನ ಆದ್ರೆ ಕಮಟು ವಾಸನೆ ಬರತ್ತಲ್ಲ, ಅದು ಗಾಳೀಲಿರೋ ಆಕ್ಸಿಜನ್ ಕೊಬ್ಬಿನ ಅಣುಗಳ ಜೊತೆ ಸೇರ್ಕೊಂಡು ಅವನ್ನ ಚೂರುಚೂರು ಮಾಡೋದ್ರಿಂದ ಬರೋದು, ಇದಕ್ಕೆ ಆಕ್ಸಿಡೇಷನ್ ಅಂತಾರೆ, ಪಠ್ಯಪುಸ್ತಕದಲ್ಲಿ ಉತ್ಕರ್ಷಣ ಅಂತ ಓದಿರ್ತೀವಿ. ವೀಳ್ಯದೆಲೇಲಿರೋ ಫಿನಾಲ್ ಜಾತಿಯ ಪದಾರ್ಥಗಳು ಕಾದ ತುಪ್ಪಕ್ಕೆ ಇಳ್ಕೊಂಡು ಈ ಕೆಲಸವನ್ನ ನಿಧಾನ ಮಾಡ್ತವೆ. ಆಂಟಿಆಕ್ಸಿಡೆಂಟ್ ಅನ್ನೋ ಪದದ ಅರ್ಥ ಇಷ್ಟೇ, ಆಕ್ಸಿಡೇಷನ್ ತಡೆಯೋ ಅಥವಾ ತಡ ಮಾಡೋ ಪದಾರ್ಥ. ಅದು ಒಂದು ವಸ್ತುವಿನ ಹೆಸರಲ್ಲ, ಒಂದು ಕೆಲಸದ ಹೆಸರು. ಇದನ್ನ ಮೊದಲೇ ಹೇಳ್ತಿದೀನಿ ಯಾಕಂದ್ರೆ ಮುಂದೆ ಬರೋ ಗೊಂದಲ ಎಲ್ಲಾ ಇದನ್ನ ಮರೆಯೋದ್ರಿಂದಲೇ ಆಗೋದು.

ಇದನ್ನ ಈಗ ಬರೆಯೋಕೆ ಕಾರಣ ನಮ್ಮ ದೊಡ್ಡಮ್ಮ. ಹೋದ ತಿಂಗಳು ಫೋನ್ ಮಾಡಿ "ಪುಟ್ಟಾ, ನೀನು ಕೆಮಿಸ್ಟ್ರಿ ಪಾಠ ಮಾಡೋನಲ್ವೇನೋ, ಈ ಆಂಟಿಆಕ್ಸಿಡೆಂಟ್ ಮಾತ್ರೆ ನಿಮ್ಮ ದೊಡ್ಡಪ್ಪಂಗೆ ಕೊಡ್ಬೋದಾ ಹೇಳು, ತಗೊಂಡ್ರೆ ವಯಸ್ಸಾಗೋದೇ ನಿಧಾನ ಆಗತ್ತಂತೆ, ಕ್ಯಾನ್ಸರ್ ಬರಲ್ವಂತೆ" ಅಂದ್ರು. ಪರಿಚಯದವರು ಯಾರೋ ಮನೆಗೆ ಬಂದು ಒಂದು ಬಾಟಲಿ 2,800 ರೂಪಾಯಿಗೆ ಕೊಟ್ಟು ಹೋಗಿದ್ರು. ಫೋನಲ್ಲಿ ಐದು ನಿಮಿಷಕ್ಕೆ ಹೇಳಿ ಮುಗಿಸೋ ವಿಷಯ ಇದಲ್ಲ, ಹಾಗಾಗಿ ಅವರಿಗೆ ಹೇಳಿದ್ದನ್ನ ಇನ್ನೂ ಸ್ವಲ್ಪ ಬಿಡಿಸಿ ಇಲ್ಲಿ ಬರೀತಿದೀನಿ.

ಮೊದಲು ಒಂದು ಬಿಸ್ಕೆಟ್ ಪ್ಯಾಕೆಟ್ಟೋ ಚಿಪ್ಸ್ ಪ್ಯಾಕೆಟ್ಟೋ ಎಣ್ಣೆ ಪ್ಯಾಕೆಟ್ಟೋ ತಿರುಗಿಸಿ ನೋಡಿ. ಬಹಳಷ್ಟರಲ್ಲಿ ಸಣ್ಣ ಅಕ್ಷರದಲ್ಲಿ ಆಂಟಿಆಕ್ಸಿಡೆಂಟ್ ಅಂತ ಬರೆದು ಪಕ್ಕದಲ್ಲಿ ಐಎನ್‌ಎಸ್ 319 ಅಥವಾ 320, 321 ಅಂತ ನಂಬರ್ ಇರತ್ತೆ, ಆಹಾರಕ್ಕೆ ಬೆರೆಸೋ ಪದಾರ್ಥಗಳಿಗೆ ಕೊಟ್ಟಿರೋ ನಂಬರ್ ಪಟ್ಟಿ ಅದು. ಅವೆಲ್ಲ ಫ್ಯಾಕ್ಟರೀಲಿ ತಯಾರಾದ ಕೆಮಿಕಲ್ಲು, ಎಣ್ಣೆ ಕಮಟದೆ ಇರ್ಲಿ ಅಂತ ಹಾಕೋದು, ಅಜ್ಜಿ ವೀಳ್ಯದೆಲೆ ಮಾಡೋ ಕೆಲಸವನ್ನೇ ಮಾಡ್ತವೆ. ಅದೇ ಪಟ್ಟೀಲಿ 300 ಅಂದ್ರೆ ವಿಟಮಿನ್ ಸಿ, ಅದೂ ಆಂಟಿಆಕ್ಸಿಡೆಂಟೇ. ಈ ಪದ ಶುರುವಾಗಿದ್ದೂ ಆರೋಗ್ಯದ ಪುಸ್ತಕದಲ್ಲಲ್ಲ, ರಬ್ಬರ್ ಬಿರುಕು ಬಿಡದ ಹಾಗೆ, ಪೆಟ್ರೋಲ್ ಅಂಟಂಟಾಗಿ ಕೆಡದ ಹಾಗೆ ನೋಡ್ಕೊಳ್ಳೋ ಕೆಮಿಕಲ್ಲಿಗೆ ಕೈಗಾರಿಕೆಯವರು ಬಳಸ್ತಿದ್ದ ಪದ ಇದು. ಅಲ್ಲಿಂದ ಮನುಷ್ಯನ ದೇಹಕ್ಕೆ ಹೇಗೆ ಬಂತು ಅನ್ನೋದೇ ಕಥೆ.

ಆಕ್ಸಿಡೇಷನ್ ಒಳಗಡೆ ಏನ್ ನಡೆಯತ್ತೆ ನೋಡೋಣ. ಪ್ರತಿ ಅಣುವಿನಲ್ಲೂ ಎಲೆಕ್ಟ್ರಾನುಗಳು ಜೋಡಿ ಜೋಡಿಯಾಗಿ ಇದ್ರೆ ಅದು ಸುಮ್ನೆ ಇರತ್ತೆ. ಎಲ್ಲೋ ಒಂದು ಎಲೆಕ್ಟ್ರಾನ್ ಒಂಟಿಯಾಗ್ಬಿಟ್ರೆ ಆ ಅಣುವಿಗೆ ನೆಮ್ಮದಿ ಇರಲ್ಲ, ಪಕ್ಕದ ಅಣುವಿಂದ ಒಂದು ಎಲೆಕ್ಟ್ರಾನ್ ಕಿತ್ಕೊಳ್ಳತ್ತೆ. ಇಂಥ ಜೋಡಿ ತಪ್ಪಿದ ಅಣುವಿಗೇ ಫ್ರೀ ರ್‍ಯಾಡಿಕಲ್ ಅನ್ನೋದು. ಕ್ಲಾಸಲ್ಲಿ ನಾನು ಇದಕ್ಕೆ ಮದುವೆ ಛತ್ರದ ಚಪ್ಪಲಿ ಉದಾಹರಣೆ ಕೊಡ್ತೀನಿ. ಊಟ ಮುಗಿಸಿ ಹೊರಗೆ ಬಂದವನಿಗೆ ಒಂದು ಕಾಲಿನ ಚಪ್ಪಲಿ ಇಲ್ಲ, ಅವನು ಅವಸರದಲ್ಲಿ ಪಕ್ಕದವರ ಒಂದು ಚಪ್ಪಲಿ ಮೆಟ್ಕೊಂಡು ಹೋದ, ಆಮೇಲೆ ಬಂದ ಆ ಪಕ್ಕದವರು ಮತ್ತೊಬ್ಬರದ್ದು ಮೆಟ್ಕೊಂಡ್ರು, ಹೀಗೆ ಛತ್ರ ಪೂರ್ತಿ ಚಪ್ಪಲಿ ಅದಲು ಬದಲು. ಒಂದು ರ್‍ಯಾಡಿಕಲ್ಲಿಂದ ಶುರುವಾದ ಕಿತ್ತಾಟ ಸರಪಳಿ ತರ ಓಡತ್ತೆ, ಅದರ ದಾರೀಲಿ ಜೀವಕೋಶದ ಪೊರೆಯ ಕೊಬ್ಬು ಸಿಗಬೋದು, ಪ್ರೋಟೀನ್ ಸಿಗಬೋದು, ಡಿಎನ್‌ಎ ಸಿಗಬೋದು. ಈ ಸಾಲಿನಲ್ಲಿ ಯಾರಾದ್ರೂ ಒಬ್ಬರು "ತಗೋಪ್ಪ ನಂದು, ಬರಿಗಾಲಲ್ಲಿ ಹೋದ್ರೂ ನಂಗೇನೂ ಆಗಲ್ಲ" ಅಂತ ಕೊಟ್ಟು ಹೋದ್ರೆ ಅಲ್ಲಿಗೆ ಸರಪಳಿ ನಿಂತ್ತು. ಆ ಕೊಟ್ಟು ಹೋದವರೇ ಆಂಟಿಆಕ್ಸಿಡೆಂಟ್. ಎಲೆಕ್ಟ್ರಾನ್ ಕೊಟ್ಟ ಮೇಲೂ ತಾನು ಬೇರೆಯವರ ಮೇಲೆ ಬೀಳದೆ ತಡ್ಕೊಳ್ಳೋ ಶಕ್ತಿ ಅದರ ರಚನೇಲಿರತ್ತೆ. ವಿಟಮಿನ್ ಇ ಜೀವಕೋಶದ ಪೊರೆಯಲ್ಲಿ ಕೂತು ಈ ಕೆಲಸ ಮಾಡತ್ತೆ, ಹಾಗೆ ಬರಿಗಾಲಾದ ವಿಟಮಿನ್ ಇ ಗೆ ವಿಟಮಿನ್ ಸಿ ಬಂದು ತನ್ನದು ಕೊಟ್ಟು ಮತ್ತೆ ಕೆಲಸಕ್ಕೆ ಹಚ್ಚತ್ತೆ, ಅದು ನಂಗೆ ಬಹಳ ಇಷ್ಟವಾದ ಭಾಗ.

ಈ ರ್‍ಯಾಡಿಕಲ್ಲುಗಳು ಎಲ್ಲಿಂದ ಬರ್ತವೆ ಅಂದ್ರೆ ಹೊರಗಿಂದಲೂ ಬರ್ತವೆ, ಬೀಡಿ ಸಿಗರೇಟ್ ಹೊಗೆ, ವಾಹನದ ಹೊಗೆ, ಸೌದೆ ಒಲೆ ಹೊಗೆ, ಬಿಸಿಲಿನ ಅಲ್ಟ್ರಾವಯಲೆಟ್, ಎಕ್ಸ್‌ರೇ ಇತ್ಯಾದಿ. ಆದ್ರೆ ದೊಡ್ಡ ಪಾಲು ಒಳಗೇ ಹುಟ್ಟತ್ತೆ. ನಾವು ಉಸಿರಾಡೋ ಆಕ್ಸಿಜನ್ನು ಜೀವಕೋಶದ ಮೈಟೋಕಾಂಡ್ರಿಯಾಕ್ಕೆ ಹೋಗಿ ಊಟವನ್ನ ಶಕ್ತಿ ಮಾಡತ್ತೆ, ಆ ಕೆಲಸದಲ್ಲಿ ಸ್ವಲ್ಪ ಎಲೆಕ್ಟ್ರಾನುಗಳು ದಾರಿ ತಪ್ಪಿ ಆಕ್ಸಿಜನ್ನಿಗೆ ಅಂಟ್ಕೊಂಡು ಸೂಪರ್‌ಆಕ್ಸೈಡ್ ಅನ್ನೋ ರ್‍ಯಾಡಿಕಲ್ ಆಗತ್ತೆ. ಅಂದ್ರೆ ಬದುಕಿರೋದಕ್ಕೇ ಇದು ತೆರೋ ಸುಂಕ, ತಪ್ಪಿಸೋಕಾಗಲ್ಲ.

ಹಾಗಿದ್ರೆ ದೇಹ ಸುಮ್ನೆ ಕೂತಿರತ್ತಾ? ಇಲ್ಲ, ಇದನ್ನ ಮಾತ್ರೆ ಮಾರೋರು ಹೇಳೋದೇ ಇಲ್ಲ, ನಮ್ಮ ದೇಹದ ಮುಖ್ಯ ಆಂಟಿಆಕ್ಸಿಡೆಂಟುಗಳನ್ನ ದೇಹ ತಾನೇ ತಯಾರಿಸ್ಕೊಳ್ಳತ್ತೆ. 1969ರಲ್ಲಿ ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ ಅನ್ನೋ ಇಬ್ಬರು ಸೂಪರ್‌ಆಕ್ಸೈಡನ್ನ ಹಿಡಿದು ಹೈಡ್ರೋಜನ್ ಪೆರಾಕ್ಸೈಡ್ ಮಾಡೋ ಕಿಣ್ವ (ಎಂಜೈಮ್) ಒಂದನ್ನ ತೋರಿಸಿದ್ರು, ಅದರ ಹೆಸರು ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್. ಆ ಪೆರಾಕ್ಸೈಡೂ ಒಳ್ಳೇದಲ್ಲ, ಅದನ್ನ ನೀರು ಮತ್ತು ಆಕ್ಸಿಜನ್ ಮಾಡೋಕೆ ಕ್ಯಾಟಲೇಸ್ ಅಂತ ಇನ್ನೊಂದು ಕಿಣ್ವ ಇದೆ. ಇದನ್ನ ನೀವು ಕಣ್ಣಾರೆ ನೋಡಿದೀರಿ, ಮಕ್ಕಳು ಬಿದ್ದು ಮಂಡಿ ತರಚಿಕೊಂಡಾಗ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದ್ರೆ ಬುಸ್ ಅಂತ ನೊರೆ ಬರತ್ತಲ್ಲ, ಆ ನೊರೆ ಕ್ಯಾಟಲೇಸ್ ಬಿಡಿಸಿದ ಆಕ್ಸಿಜನ್ನು. ಈ ಕಿಣ್ವದ ಒಂದೇ ಒಂದು ಅಣು ಸೆಕೆಂಡಿಗೆ ಲಕ್ಷಾಂತರ ಪೆರಾಕ್ಸೈಡ್ ಅಣುಗಳನ್ನ ಒಡೆಯತ್ತೆ. ಒಂದು ವಿಟಮಿನ್ ಅಣು ಒಂದೋ ಎರಡೋ ಎಲೆಕ್ಟ್ರಾನ್ ಕೊಟ್ಟು ಸುಸ್ತಾಗತ್ತೆ, ಇದು ಬಿಡುವಿಲ್ಲದೆ ಮಾಡ್ತಾನೇ ಇರತ್ತೆ, ಎರಡಕ್ಕೂ ಹೋಲಿಕೆನೇ ಇಲ್ಲ. ಇದರ ಜೊತೆಗೆ ಗ್ಲುಟಾಥಿಯೋನ್ ಅಂತ ಇನ್ನೊಂದಿದೆ, ಮೂರು ಅಮೈನೋ ಆಸಿಡ್ ಸೇರಿಸಿ ಜೀವಕೋಶ ಮಾಡ್ಕೊಳ್ಳತ್ತೆ, ಲಿವರ್ ಅಂತೂ ಇದರ ಮೇಲೇ ನಿಂತಿದೆ. ಈ ಕಿಣ್ವಗಳಿಗೆ ಸತು, ತಾಮ್ರ, ಮ್ಯಾಂಗನೀಸ್, ಸೆಲೆನಿಯಂ, ಕಬ್ಬಿಣ ಇವು ಚೂರುಪಾರು ಬೇಕು, ಅದು ಊಟದಿಂದ ಬರಬೇಕು. ಹಾಗಾಗಿ ಊಟ ಸರಿ ಇಲ್ಲದವರಿಗೆ ಈ ವ್ಯವಸ್ಥೆನೂ ಸೊರಗತ್ತೆ.

ವಿಟಮಿನ್ ಸಿ ಬಗ್ಗೆ ಒಂದು ಮಾತು. ಆಡು, ಹಸು, ನಾಯಿ ಇವೆಲ್ಲ ತಮ್ಮ ವಿಟಮಿನ್ ಸಿ ತಾವೇ ಮಾಡ್ಕೊಳ್ತವೆ, ನಮಗೋ ಆ ಶಕ್ತಿ ಕಳೆದು ಹೋಗಿದೆ, ತಿಂದೇ ಪಡೀಬೇಕು. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದ ನಾವಿಕರಿಗೆ ಒಸಡು ಊದಿ ರಕ್ತ ಬಂದು ಸಾಯೋ ಸ್ಕರ್ವಿ ಬರ್ತಿತ್ತು, 1747ರಲ್ಲಿ ಜೇಮ್ಸ್ ಲಿಂಡ್ ಅನ್ನೋ ಹಡಗಿನ ಡಾಕ್ಟರು 12 ಜನ ರೋಗಿಗಳನ್ನ ಇಬ್ಬಿಬ್ಬರಂತೆ ಆರು ಜೋಡಿ ಮಾಡಿ ಬೇರೆ ಬೇರೆ ಕೊಟ್ಟು ನೋಡಿದಾಗ ಕಿತ್ತಳೆ ನಿಂಬೆ ತಿಂದವರು ಬೇಗ ಎದ್ದು ಕೂತ್ರು. ಆದ್ರೆ ಸ್ಕರ್ವಿ ಬರೋದು ಆಂಟಿಆಕ್ಸಿಡೆಂಟ್ ಕಮ್ಮಿ ಆಗಿ ಅಂತ ಹೇಳೋಕಾಗಲ್ಲ, ಕೊಲಾಜೆನ್ ಅನ್ನೋ ಪ್ರೋಟೀನ್ ಗಟ್ಟಿ ಆಗೋ ಕೆಲಸಕ್ಕೆ ವಿಟಮಿನ್ ಸಿ ಬೇಕು, ಅದಿಲ್ಲದೆ ರಕ್ತನಾಳ, ಒಸಡು ಸಡಿಲ ಆಗ್ತವೆ. ಒಂದೇ ಪದಾರ್ಥಕ್ಕೆ ದೇಹದಲ್ಲಿ ನಾಲ್ಕು ಕೆಲಸ ಇರತ್ತೆ, ನಾವು ಒಂದೇ ಹೆಸರಿಟ್ಟು ಕರೀತೀವಿ.

ಈಗ ಮಾತ್ರೆಯ ಕಥೆ. 1956ರಲ್ಲಿ ಡೆನ್ಹಮ್ ಹರ್ಮನ್ ಅನ್ನೋ ಅಮೆರಿಕದ ವಿಜ್ಞಾನಿ ಒಂದು ಯೋಚನೆ ಮುಂದಿಟ್ರು, ನಮಗೆ ವಯಸ್ಸಾಗೋದಕ್ಕೆ ಕಾರಣ ಈ ಫ್ರೀ ರ್‍ಯಾಡಿಕಲ್ಲುಗಳು ದಿನಾ ದಿನಾ ಮಾಡೋ ಹಾನಿ ಗುಡ್ಡೆ ಬೀಳೋದು ಅಂತ. ಅವರು ಮೊದಲು ಪೆಟ್ರೋಲಿಯಂ ಕಂಪನಿಯೊಂದರಲ್ಲಿ ರ್‍ಯಾಡಿಕಲ್ ಕೆಮಿಸ್ಟ್ರಿ ಮಾಡಿದ್ದವರು, ಆಮೇಲೆ ಡಾಕ್ಟರ್ ಓದಿದವರು, ಹಾಗಾಗಿ ಎಣ್ಣೆಗೆ ಆಗೋದು ಮೈಗೂ ಆಗಬೋದು ಅನ್ನೋ ಸಂಬಂಧ ಅವರಿಗೆ ಹೊಳೀತು. ಯೋಚನೆ ಬಹಳ ಚೆನ್ನಾಗಿದೆ, ಅದಕ್ಕೇ ಜನ ಅದನ್ನ ಅಷ್ಟು ಬೇಗ ನಂಬಿದ್ದು. ಎರಡು ನೊಬೆಲ್ ಪಡೆದಿದ್ದ ಲೈನಸ್ ಪಾಲಿಂಗ್ 1970ರಿಂದ ವಿಟಮಿನ್ ಸಿ ಯನ್ನ ಗ್ರಾಂ ಲೆಕ್ಕದಲ್ಲಿ ತಗೊಂಡ್ರೆ ನೆಗಡಿ ಹತ್ತಿರ ಬರಲ್ಲ, ಆಮೇಲೆ ಕ್ಯಾನ್ಸರಿಗೂ ಒಳ್ಳೇದು ಅಂತ ಹೇಳ್ತಾ ಹೋದ್ರು, ಅಂಥ ದೊಡ್ಡವರು ಹೇಳಿದ ಮೇಲೆ ಯಾರು ಬೇಡ ಅಂತಾರೆ. ಅಮೆರಿಕದ ಮೇಯೋ ಕ್ಲಿನಿಕ್ ಅನ್ನೋ ದೊಡ್ಡ ಆಸ್ಪತ್ರೆಯವರು ಕ್ಯಾನ್ಸರ್ ರೋಗಿಗಳಿಗೆ ವಿಟಮಿನ್ ಸಿ ಮಾತ್ರೆ ಕೊಟ್ಟು ಪರೀಕ್ಷೆ ಮಾಡಿದ್ರು, ಏನೂ ಉಪಯೋಗ ಕಾಣ್ಲಿಲ್ಲ. ನೆಗಡಿ ವಿಷಯದಲ್ಲಿ ಎಷ್ಟೋ ಪರೀಕ್ಷೆ ಸೇರಿಸಿ ನೋಡಿದಾಗ ಗೊತ್ತಾಗಿದ್ದು, ದಿನಾ ತಗೊಂಡ್ರೂ ಸಾಮಾನ್ಯ ಜನಕ್ಕೆ ನೆಗಡಿ ಬರೋದೇನೂ ತಪ್ಪಲ್ಲ, ಬಂದ ನೆಗಡಿ ದೊಡ್ಡವರಲ್ಲಿ ನೂರಕ್ಕೆ 8ರಷ್ಟು ಬೇಗ ಹೋಗತ್ತೆ, ಅಂದ್ರೆ ಒಂದು ವಾರದ ನೆಗಡೀಲಿ ಅರ್ಧ ದಿನ.

ಆದ್ರೂ ಆಸೆಗೆ ಕಾರಣ ಇತ್ತು. ತರಕಾರಿ ಹಣ್ಣು ಜಾಸ್ತಿ ತಿನ್ನೋರಿಗೆ, ಕ್ಯಾರೆಟ್ಟಿಗೆ ಬಣ್ಣ ಕೊಡೋ ಬೀಟಾ ಕ್ಯಾರೋಟಿನ್ ರಕ್ತದಲ್ಲಿ ಜಾಸ್ತಿ ಇರೋರಿಗೆ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಅಂತ ಸುಮಾರು ಸಮೀಕ್ಷೆಗಳು ತೋರಿಸಿದ್ವು. ಹಾಗಿದ್ರೆ ಸಿಗರೇಟ್ ಸೇದೋರಿಗೆ ಕ್ಯಾರೋಟಿನ್ ಮಾತ್ರೆ ಕೊಟ್ಟು ಕಾಪಾಡೋಣ ಅಂತ ಫಿನ್‌ಲ್ಯಾಂಡಿನಲ್ಲಿ 50ರಿಂದ 69 ವಯಸ್ಸಿನ 29,133 ಜನ ಸಿಗರೇಟ್ ಸೇದೋ ಗಂಡಸರನ್ನ ಸೇರಿಸಿಕೊಂಡು, ಕೆಲವರಿಗೆ ದಿನಾ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಕೆಲವರಿಗೆ ಏನೂ ಇಲ್ಲದ ಸುಳ್ಳು ಮಾತ್ರೆ ಕೊಟ್ರು, ಯಾರಿಗೆ ಯಾವುದು ಅಂತ ತಗೊಳ್ಳೋರಿಗೂ ಗೊತ್ತಿಲ್ಲ ಕೊಡೋರಿಗೂ ಗೊತ್ತಿಲ್ಲ. 1994ರಲ್ಲಿ ಫಲಿತಾಂಶ ಬಂತು. ಕ್ಯಾರೋಟಿನ್ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ನೂರಕ್ಕೆ 18ರಷ್ಟು ಜಾಸ್ತಿ ಆಗಿತ್ತು. ಕಮ್ಮಿ ಅಲ್ಲ, ಜಾಸ್ತಿ. ಇದೇನೋ ಲೆಕ್ಕದ ಎಡವಟ್ಟು ಇರಬೋದು ಅಂತ ಅಂದ್ಕೊಳ್ಳೋಷ್ಟರಲ್ಲಿ ಅಮೆರಿಕದಲ್ಲಿ ನಡೀತಿದ್ದ ಇನ್ನೊಂದು ಪರೀಕ್ಷೆ, ಸಿಗರೇಟ್ ಸೇದೋರು ಮತ್ತು ಆಸ್ಬೆಸ್ಟಾಸ್ ಕೆಲಸಗಾರರು ಸೇರಿ 18,314 ಜನ, ಅದನ್ನ 1996ರ ಜನವರಿಯಲ್ಲಿ ಅವಧಿಗಿಂತ 21 ತಿಂಗಳು ಮುಂಚೆನೇ ನಿಲ್ಲಿಸಿಬಿಟ್ರು, ಯಾಕಂದ್ರೆ ಬೀಟಾ ಕ್ಯಾರೋಟಿನ್ ಜೊತೆ ವಿಟಮಿನ್ ಎ ತಗೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ನೂರಕ್ಕೆ 28ರಷ್ಟು, ಸಾವು 17ರಷ್ಟು ಜಾಸ್ತಿ ಕಂಡಿತ್ತು. ಕಾಪಾಡೋಕೆ ಅಂತ ಕೊಟ್ಟ ಮಾತ್ರೆ. ಇದನ್ನ ಓದಿದಾಗೆಲ್ಲ ನಂಗೆ ಹೊಟ್ಟೇಲಿ ಸಂಕಟ ಆಗತ್ತೆ, ಆ ಜನ ನಂಬಿಕೆಯಿಂದ ದಿನಾ ಬೆಳಿಗ್ಗೆ ನುಂಗಿದ್ರು.

ಆಮೇಲೆ ವಿಟಮಿನ್ ಇ ಸರದಿ. ಪ್ರಾಸ್ಟೇಟ್ ಕ್ಯಾನ್ಸರ್ ತಡೀಬೋದಾ ಅಂತ 35,533 ಗಂಡಸರ ಮೇಲೆ ನಡೆದ ಪರೀಕ್ಷೇಲಿ ದಿನಕ್ಕೆ 400 ಯೂನಿಟ್ ವಿಟಮಿನ್ ಇ ಕೊಟ್ರು, ಉಪಯೋಗ ಕಾಣದೆ 2008ರಲ್ಲಿ ನಿಲ್ಲಿಸಿದ್ರು, ನಿಲ್ಲಿಸಿದ ಮೇಲೂ ಅವರನ್ನ ಗಮನಿಸ್ತಾ ಹೋದಾಗ 2011ಕ್ಕೆ ವಿಟಮಿನ್ ಇ ತಗೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ನೂರಕ್ಕೆ 17ರಷ್ಟು ಜಾಸ್ತಿ. ದೊಡ್ಡಮ್ಮ ಕಳಿಸಿದ ಬಾಟಲಿ ಫೋಟೋ ದೊಡ್ಡದು ಮಾಡಿ ನೋಡಿದ್ರೆ ಅದರಲ್ಲೂ ಒಂದು ಮಾತ್ರೆಗೆ ವಿಟಮಿನ್ ಇ 400 ಯೂನಿಟ್ಟೇ.

ಎಲ್ಲಾ ಕಡೆ ಹೀಗೇ ಆಯ್ತು ಅಂತ ಹೇಳಿದ್ರೆ ಅದು ಅರ್ಧ ಸತ್ಯ ಆಗತ್ತೆ. ಚೀನಾದ ಲಿನ್‌ಷಿಯಾನ್ ಅನ್ನೋ ಕಡೆ ಸುಮಾರು 29,600 ಜನಕ್ಕೆ ಬೀಟಾ ಕ್ಯಾರೋಟಿನ್, ವಿಟಮಿನ್ ಇ, ಸೆಲೆನಿಯಂ ಮೂರನ್ನೂ ಸೇರಿಸಿ ಕೊಟ್ಟಾಗ ಸಾವು ನೂರಕ್ಕೆ 9ರಷ್ಟು ಕಮ್ಮಿ ಆಯ್ತು, ಹೊಟ್ಟೆ ಕ್ಯಾನ್ಸರಿನ ಸಾವು ಇನ್ನೂ ಕಮ್ಮಿ. ಯಾಕೆ? ಅಲ್ಲಿನ ಜನರ ಊಟದಲ್ಲಿ ಈ ಪೋಷಕಾಂಶಗಳು ಮೊದಲೇ ಕೊರತೆ ಇದ್ವು. ಕೆರೆ ಬತ್ತಿದ್ದಾಗ ನೀರು ಬಿಟ್ರೆ ಊರಿಗೆ ಒಳ್ಳೇದು, ತುಂಬಿ ತುಳುಕೋ ಕೆರೆಗೆ ಇನ್ನೂ ಬಿಟ್ರೆ ಏರಿ ಒಡೆಯತ್ತೆ. ಇನ್ನೊಂದು, ವಯಸ್ಸಾದವರ ಕಣ್ಣಿನ ರೆಟಿನಾ ಮಧ್ಯಭಾಗ ಸವೆಯೋ ಕಾಯಿಲೆ ಇದೆಯಲ್ಲ, ಮ್ಯಾಕುಲಾ ಸವೆತ, ಅದು ಒಂದು ಹಂತ ದಾಟಿದವರಿಗೆ ಸಿ, ಇ, ಸತು, ತಾಮ್ರ ಇರೋ ಒಂದು ನಿರ್ದಿಷ್ಟ ಮಿಶ್ರಣ ಕೊಟ್ರೆ ಕಾಯಿಲೆ ಮುಂದುವರಿಯೋ ಸಾಧ್ಯತೆ ಐದು ವರ್ಷದಲ್ಲಿ ಸುಮಾರು ನೂರಕ್ಕೆ 25ರಷ್ಟು ಕಮ್ಮಿ ಆಗತ್ತೆ ಅಂತ 2001ರಲ್ಲಿ ಗೊತ್ತಾಯ್ತು. ಮೊದಲು ಅದರಲ್ಲೂ ಬೀಟಾ ಕ್ಯಾರೋಟಿನ್ ಇತ್ತು, ಆಮೇಲೆ ಸಿಗರೇಟ್ ಸೇದಿದವರಿಗೆ ಅಪಾಯ ಅಂತ ತೆಗೆದು ಲ್ಯೂಟಿನ್ ಮತ್ತು ಜಿಯಾಕ್ಸಾಂಥಿನ್ ಅನ್ನೋ ಬೇರೆ ಎರಡು ಸಸ್ಯ ಬಣ್ಣಗಳನ್ನ ಹಾಕಿದ್ರು. ಕಣ್ಣಿನ ಡಾಕ್ಟರು ಇದನ್ನ ಬರೆದುಕೊಟ್ಟಿದ್ರೆ ತಗೊಳ್ಳಿ, ನಾನು ಬೇಡ ಅಂತಿರೋದು ಇದನ್ನಲ್ಲ.

ಹಾಗೇನೆ ಪ್ಯಾರಾಸಿಟಮಾಲ್ ಮಾತ್ರೆ ವಿಪರೀತ ನುಂಗಿಬಿಟ್ಟವರಿಗೆ ಆಸ್ಪತ್ರೇಲಿ ಎನ್-ಅಸಿಟೈಲ್‌ಸಿಸ್ಟೀನ್ ಕೊಡ್ತಾರೆ. ಆ ಮಾತ್ರೆ ಒಡೆದಾಗ ಬರೋ ವಿಷ ಲಿವರಿನ ಗ್ಲುಟಾಥಿಯೋನನ್ನ ಖಾಲಿ ಮಾಡ್ತಿರತ್ತೆ, ಈ ಔಷಧಿ ಅದನ್ನ ಮತ್ತೆ ತುಂಬಿಸತ್ತೆ, ಹೊತ್ತಿಗೆ ಸರಿಯಾಗಿ ಕೊಟ್ರೆ ಜೀವ ಉಳಿಯತ್ತೆ. ಎಲ್ಲಿ ಕೊರತೆ ಇದೆ ಅಂತ ಗೊತ್ತಿದ್ದು ಅಲ್ಲಿಗೆ ಬೇಕಾದ್ದನ್ನ ಬೇಕಾದಷ್ಟು ಕೊಡೋದು ಅಂದ್ರೆ ಇದು.

ಈಗ ಬರೋ ಪ್ರಶ್ನೆ, ಬೆಂಕಿ ಆರಿಸೋ ನೀರು ಜಾಸ್ತಿ ಆದ್ರೆ ತಪ್ಪೇನು? ತಪ್ಪು ಏನಂದ್ರೆ ಈ ಬೆಂಕಿ ಪೂರ್ತಿ ಕೆಟ್ಟದ್ದಲ್ಲ, ಒಲೆ ಬೆಂಕಿನೂ ಇದರಲ್ಲಿ ಸೇರಿದೆ. ನಮ್ಮ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಹಿಡಿದಾಗ ಅದನ್ನ ಕೊಲ್ಲೋದೇ ಬೇಕಂತ ಸೂಪರ್‌ಆಕ್ಸೈಡ್ ಸುರಿದು. ಆ ಸೂಪರ್‌ಆಕ್ಸೈಡ್ ಮಾಡೋ ಕಿಣ್ವ ಹುಟ್ಟಿನಿಂದಲೇ ಕೆಟ್ಟಿರೋ ಮಕ್ಕಳಿದಾರೆ, ಅವರಿಗೆ ಪದೇ ಪದೇ ಜೀವಕ್ಕೇ ಕುತ್ತು ತರೋ ಸೋಂಕು ಬರ್ತಾನೇ ಇರತ್ತೆ. ರ್‍ಯಾಡಿಕಲ್ ಇಲ್ಲದ ದೇಹ ಹೇಗಿರತ್ತೆ ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ರಕ್ತನಾಳವನ್ನ ಸಡಿಲ ಮಾಡಿ ಬಿಪಿ ಹತೋಟೀಲಿಡೋ ನೈಟ್ರಿಕ್ ಆಕ್ಸೈಡ್ ಕೂಡ ಫ್ರೀ ರ್‍ಯಾಡಿಕಲ್ಲೇ, ಅದರ ಕೆಲಸ ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ವ್ಯಾಯಾಮ ಮಾಡಿದಾಗ ಸ್ನಾಯುವಿನಲ್ಲಿ ರ್‍ಯಾಡಿಕಲ್ ಜಾಸ್ತಿ ಹುಟ್ಟತ್ತೆ, ಆ ಸಣ್ಣ ಪೆಟ್ಟೇ ದೇಹಕ್ಕೆ ಸೂಚನೆ, ಅದನ್ನ ನೋಡಿ ದೇಹ ತನ್ನ ಕಿಣ್ವಗಳನ್ನ ಜಾಸ್ತಿ ಮಾಡ್ಕೊಳ್ಳತ್ತೆ, ಇನ್ಸುಲಿನ್‌ಗೆ ಚೆನ್ನಾಗಿ ಓಗೊಡತ್ತೆ. 2009ರಲ್ಲಿ ಜರ್ಮನಿಯಲ್ಲಿ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿ ಅರ್ಧ ಜನಕ್ಕೆ ದಿನಾ 1000 ಮಿಲಿಗ್ರಾಂ ವಿಟಮಿನ್ ಸಿ ಮತ್ತು 400 ಯೂನಿಟ್ ಇ ಕೊಟ್ಟು ನೋಡಿದ್ರು, ಮಾತ್ರೆ ತಗೊಳ್ಳದವರಿಗೆ ಇನ್ಸುಲಿನ್ ವಿಷಯದಲ್ಲಿ ಸಿಕ್ಕ ಲಾಭ ಮಾತ್ರೆ ತಗೊಂಡವರಿಗೆ ಸಿಗ್ಲಿಲ್ಲ. ಬೆಳಿಗ್ಗೆ ಎದ್ದು ಜಿಮ್ಮಿಗೆ ಹೋಗಿ ಬಂದು ಇಂಥ ಮಾತ್ರೆ ನುಂಗೋ ಹುಡುಗರು ನನ್ನ ಕ್ಲಾಸಲ್ಲೇ ಇದಾರೆ, ಅವರಿಗೆ ಇದನ್ನ ಹೇಳ್ತಾನೇ ಇರ್ತೀನಿ.

ಇನ್ನೂ ಒಂದು, ಸ್ವಲ್ಪ ಭಯ ಆಗೋ ವಿಷಯ. ಕ್ಯಾನ್ಸರ್ ಜೀವಕೋಶಕ್ಕೂ ರ್‍ಯಾಡಿಕಲ್ ಅಂದ್ರೆ ಹಿಂಸೆನೇ, ಅದೂ ಆಂಟಿಆಕ್ಸಿಡೆಂಟ್ ಹುಡುಕ್ತಿರತ್ತೆ. ಸ್ವೀಡನ್ನಿನಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಮೊದಲೇ ಗಡ್ಡೆ ಇದ್ದ ಇಲಿಗಳಿಗೆ ಆಂಟಿಆಕ್ಸಿಡೆಂಟ್ ಕೊಟ್ಟಾಗ ಶ್ವಾಸಕೋಶದ ಗಡ್ಡೆ ಬೇಗ ಬೆಳೀತು, ಚರ್ಮದ ಕ್ಯಾನ್ಸರ್ ಬೇರೆ ಕಡೆ ಹರಡಿತು. ಇಲಿ ಮನುಷ್ಯ ಅಲ್ಲ ನಿಜ, ಆದ್ರೆ ಫಿನ್‌ಲ್ಯಾಂಡಿನ ಫಲಿತಾಂಶದ ಪಕ್ಕ ಇಟ್ಟು ನೋಡಿದ್ರೆ ತಳ್ಳಿಹಾಕೋ ಹಾಗಿಲ್ಲ. ರೇಡಿಯೇಷನ್, ಕೆಲವು ಕೀಮೋ ಔಷಧಿಗಳು ಕೆಲಸ ಮಾಡೋದೇ ರ್‍ಯಾಡಿಕಲ್ ಹುಟ್ಟಿಸಿ, ಹಾಗಾಗಿ ಚಿಕಿತ್ಸೆ ತಗೊಳ್ತಿರೋರು ಯಾವುದೇ ಸಪ್ಲಿಮೆಂಟನ್ನ ಡಾಕ್ಟರಿಗೆ ಹೇಳದೆ ತಗೋಬೇಡಿ, ಮನೆಯವರು ಪ್ರೀತಿಯಿಂದ ತಂದುಕೊಟ್ಟಿದ್ರೂ ಅಷ್ಟೇ.

ಅಂಗಡೀಲಿ "ಇದರಲ್ಲಿ ಇಷ್ಟು ಪಟ್ಟು ಆಂಟಿಆಕ್ಸಿಡೆಂಟ್ ಶಕ್ತಿ" ಅಂತ ಬರೆದಿರೋದು ನೋಡಿರ್ತೀರಿ. ಆ ಲೆಕ್ಕ ಟೆಸ್ಟ್ ಟ್ಯೂಬಿಂದು. ಅಮೆರಿಕದ ಕೃಷಿ ಇಲಾಖೆ ಇಂಥ ಅಂಕಿಗಳ ದೊಡ್ಡ ಪಟ್ಟಿ ಇಟ್ಟಿತ್ತು, ಈ ಅಂಕಿಗೂ ಮೈಯಲ್ಲಿ ಆಗೋದಕ್ಕೂ ಸಂಬಂಧ ಇಲ್ಲ, ಮಾರೋರು ದುರುಪಯೋಗ ಮಾಡ್ಕೊಳ್ತಿದಾರೆ ಅಂತ 2012ರಲ್ಲಿ ಅದನ್ನ ತೆಗೆದುಹಾಕ್ತು. ಟೆಸ್ಟ್ ಟ್ಯೂಬಿಗೆ ಹಾಕಿದ್ದೆಲ್ಲ ರಕ್ತಕ್ಕೆ ಸೇರಲ್ಲ. ನಮ್ಮ ಅರಿಶಿನಕ್ಕೆ ಹಳದಿ ಬಣ್ಣ ಕೊಡೋ ಕರ್ಕ್ಯುಮಿನ್ನೇ ನೋಡಿ, ತಿಂದಿದ್ದರಲ್ಲಿ ರಕ್ತಕ್ಕೆ ಹೋಗೋದು ಬಹಳ ಬಹಳ ಕಮ್ಮಿ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಕೆಲಸ ಇವತ್ತಿಗೂ ಲೋಕದ ತುಂಬಾ ಉಲ್ಲೇಖ ಆಗತ್ತೆ, 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಖಾರದ ಅಂಶ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರೋದು ನೂರಕ್ಕೆ 2000ದಷ್ಟು ಜಾಸ್ತಿ ಆಯ್ತು ಅಂತ. ಸಾರಿಗೆ ಅರಿಶಿನ, ಮೆಣಸು ಒಟ್ಟಿಗೆ ಹಾಕೋರು ನಾವು, ಖುಷಿ ಆಗತ್ತೆ. ಆದ್ರೆ ಅರಿಶಿನದ ಪುಡೀಲಿ ಕರ್ಕ್ಯುಮಿನ್ ಇರೋದೇ ನೂರಕ್ಕೆ ಮೂರರ ಆಸುಪಾಸು, ಅಂದ್ರೆ ಆ 2 ಗ್ರಾಮಿಗೆ ಅರವತ್ತು ಎಪ್ಪತ್ತು ಗ್ರಾಂ ಅರಿಶಿನ ಬೇಕು, ಯಾವ ಸಾರಿಗೂ ಅಷ್ಟು ಹಾಕಲ್ಲ. ಮತ್ತೆ ಅದೇ ಕರ್ಕ್ಯುಮಿನ್ನನ್ನ ಗಟ್ಟಿ ಮಾಡಿ ಪೈಪರಿನ್ ಸೇರಿಸಿದ ಕ್ಯಾಪ್ಸೂಲ್ ತಗೊಂಡವರಲ್ಲಿ ಲಿವರ್ ಉರಿಯೂತ ಆದ ಪ್ರಕರಣಗಳು ಅಮೆರಿಕ, ಇಟಲಿ ಕಡೆ ವರದಿ ಆಗಿವೆ. ಗ್ರೀನ್ ಟೀ ಸಾರ ಗಟ್ಟಿ ಮಾಡಿದ ಮಾತ್ರೆಗಳ ಮೇಲೂ ಇದೇ ಎಚ್ಚರಿಕೆ ಇದೆ. ಅಡುಗೇಲಿ ಚಿಟಿಕೆ ಹಾಕೋದು ಬೇರೆ, ಕ್ಯಾಪ್ಸೂಲ್ ಬೇರೆ, ಒಂದೇ ಹೆಸರು ಅಂತ ಒಂದೇ ಅಂದ್ಕೋಬಾರದು. ಚರ್ಮ ಬೆಳ್ಳಗಾಗತ್ತೆ ಅಂತ ಗ್ಲುಟಾಥಿಯೋನ್ ಡ್ರಿಪ್ ಹಾಕಿಸ್ಕೊಳ್ಳೋ ಹುಡುಗಿಯರ ಬಗ್ಗೆ ಕೇಳಿದಾಗ ಮನಸ್ಸಿಗೆ ಬೇಜಾರಾಗತ್ತೆ, ಫಿಲಿಪೀನ್ಸ್ ಸರ್ಕಾರದ ಔಷಧ ಇಲಾಖೆ ಎಷ್ಟೋ ವರ್ಷದ ಹಿಂದೆನೇ ಇದು ಅಪಾಯ ಅಂತ ಎಚ್ಚರಿಕೆ ಕೊಟ್ಟಿದೆ.

ಹಾಗಿದ್ರೆ ತರಕಾರಿ ತಿಂದವರಿಗೆ ಒಳ್ಳೇದಾಗೋದು ಸುಳ್ಳಾ? ಸುಳ್ಳಲ್ಲ, ಅದು ನಿಜ. ತಪ್ಪಾಗಿದ್ದು ಸೊಪ್ಪಿನೊಳಗಿಂದ ಒಂದೇ ಒಂದು ಪದಾರ್ಥ ಆರಿಸಿ ಎಲ್ಲಾ ಪುಣ್ಯ ಇದಕ್ಕೇ ಅಂತ ಅಂದ್ಕೊಂಡಿದ್ದು. ಒಂದು ಕಟ್ಟು ದಂಟಿನ ಸೊಪ್ಪಲ್ಲಿ ನಾರು, ಪೊಟ್ಯಾಷಿಯಂ, ಫೋಲೇಟ್, ನೂರಾರು ಸಸ್ಯ ರಾಸಾಯನಿಕ ಎಲ್ಲಾ ಇರತ್ತೆ, ಸೊಪ್ಪು ತಿಂದಷ್ಟು ಎಣ್ಣೆತಿಂಡಿ ಕಮ್ಮಿ ತಿಂತೀವಿ ಅನ್ನೋದೂ ಇದೆ, ಸೊಪ್ಪು ತಿನ್ನೋ ಅಭ್ಯಾಸ ಇರೋರು ಸಿಗರೇಟ್ ಸೇದೋದೂ ಕಮ್ಮಿ. ಕೆಲವು ಸಸ್ಯ ಪದಾರ್ಥಗಳು ನೇರವಾಗಿ ಎಲೆಕ್ಟ್ರಾನ್ ಕೊಡೋದಕ್ಕಿಂತ ದೇಹವನ್ನ ಸ್ವಲ್ಪ ಕೆಣಕಿ ಅದರ ಸ್ವಂತ ಕಿಣ್ವಗಳನ್ನ ಎಬ್ಬಿಸ್ತವೆ ಅಂತಲೂ ಹೇಳ್ತಾರೆ, ವ್ಯಾಯಾಮ ಮಾಡೋ ಹಾಗೆನೇ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಅನ್ನತ್ತೆ. ನಮ್ಮ ಬಹಳ ಮನೆಗಳಲ್ಲಿ ತಟ್ಟೆ ತುಂಬಾ ಅನ್ನ, ಸಾರಲ್ಲಿ ನಾಲ್ಕು ಹೋಳು, ಅಷ್ಟೇ ಇರೋದು.

ಅದಕ್ಕೆ ದುಬಾರಿ ಬ್ಲೂಬೆರಿ ಏನೂ ಬೇಡ. ಬ್ಲೂಬೆರಿಗೆ ಆ ಬಣ್ಣ ಕೊಡೋ ಆಂಥೋಸಯನಿನ್ ಜಾತಿಯ ಬಣ್ಣಗಳೇ ನೇರಳೆ ಹಣ್ಣಲ್ಲೂ ಇವೆ, ಕರಾವಳಿಯ ಪುನರ್ಪುಳಿಯಲ್ಲೂ ಇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದ ಲೆಕ್ಕದ ಪ್ರಕಾರ ವಿಟಮಿನ್ ಸಿ ದಿನಕ್ಕೆ ಗಂಡಸರಿಗೆ 80, ಹೆಂಗಸರಿಗೆ 65 ಮಿಲಿಗ್ರಾಂ ಸಾಕು, ಒಂದು ಸೀಬೆಹಣ್ಣಲ್ಲೇ ಅದು ಮುಗೀತು, ಬೆಟ್ಟದ ನೆಲ್ಲಿಕಾಯಿ ಆದ್ರಂತೂ ಒಂದೆರಡು ಸಾಕು. ಅದರ ಮೇಲೆ ಸಾವಿರ ಮಿಲಿಗ್ರಾಂ ಮಾತ್ರೆ ನುಂಗಿದ್ರೆ ಹೆಚ್ಚಿಂದು ಮೂತ್ರದಲ್ಲಿ ಹೋಗತ್ತೆ, ಸ್ವೀಡನ್ನಿನ ಗಂಡಸರಲ್ಲಿ ಹಾಗೆ ಮಾತ್ರೆ ತಗೊಳ್ಳೋರಿಗೆ ಕಿಡ್ನಿ ಕಲ್ಲು ಸುಮಾರು ಎರಡರಷ್ಟು ಕಂಡಿತ್ತು. ರಾಗಿಯ ಪಾಲಿಫಿನಾಲ್ ಅನ್ನೋ ಆಂಟಿಆಕ್ಸಿಡೆಂಟುಗಳು ಹೆಚ್ಚಾಗಿ ಇರೋದು ಅದರ ಸಿಪ್ಪೇಲಿ, ಹಾಗಾಗಿ ಜರಡಿ ಹಿಡಿದು ನುಣ್ಣಗೆ ಮಾಡೋ ಮುಂಚೆ ಯೋಚ್ನೆ ಮಾಡಿ. ನಮ್ಮ ಫಿಲ್ಟರ್ ಕಾಫಿಯಲ್ಲೂ ಕ್ಲೋರೋಜೆನಿಕ್ ಆಸಿಡ್ ಅನ್ನೋ ಆಂಟಿಆಕ್ಸಿಡೆಂಟ್ ಧಾರಾಳ ಇದೆ, ಸಕ್ಕರೆ ಕಮ್ಮಿ ಹಾಕ್ಕೊಳ್ಳಿ ಅಷ್ಟೇ. ಕ್ಯಾರೆಟ್, ಸೊಪ್ಪು, ಕುಂಬಳಕಾಯಿ ಇವುಗಳ ಕ್ಯಾರೋಟಿನ್ ಮೈಗೆ ಹತ್ತಬೇಕಾದ್ರೆ ಸ್ವಲ್ಪ ಎಣ್ಣೆ ಬೇಕು, ಒಂದು ಒಗ್ಗರಣೆ ಸಾಕು. ಟೊಮೇಟೊದ ಕೆಂಪು ಬಣ್ಣ ಲೈಕೋಪಿನ್ ಬೇಯಿಸಿದ್ರೆ ಚೆನ್ನಾಗಿ ಸಿಗತ್ತೆ, ವಿಟಮಿನ್ ಸಿ ಮಾತ್ರ ಬೇಯಿಸಿದ್ರೆ ಹೋಗತ್ತೆ, ಅದಕ್ಕೇ ಕೋಸಂಬರಿಗೆ ನಿಂಬೆಹುಳಿ ಕೊನೇಲಿ ಹಿಂಡೋದು ಸರಿ.

ಮತ್ತೆ ಹೊರಗಿಂದ ಬರೋ ರ್‍ಯಾಡಿಕಲ್ ಕಡಿಮೆ ಮಾಡೋದು ಮಾತ್ರೆಗಿಂತ ಎಷ್ಟೋ ಪಾಲು ಮೇಲು. ಬೀಡಿ ಸಿಗರೇಟ್ ಬಿಡೋದು ಮೊದಲನೇದು, ಅದರ ಪಕ್ಕ ಬೇರೆ ಯಾವುದೂ ನಿಲ್ಲಲ್ಲ. ಆಮೇಲೆ ಕರಿದ ಎಣ್ಣೆ. ಬೊಂಡ ಬಜ್ಜಿ ಕರಿದ ಎಣ್ಣೇನ ಮತ್ತೆ ಮತ್ತೆ ಕಾಯಿಸಿದ್ರೆ ಅದು ಆಕ್ಸಿಡೈಸ್ ಆಗಿ ಕಪ್ಪಗೆ ಗಟ್ಟಿ ಆಗತ್ತೆ, ಹೀಗೆ ಕೆಟ್ಟ ಅಂಶ ನೂರಕ್ಕೆ 25 ದಾಟಿದ ಎಣ್ಣೆ ಬಳಸಬಾರದು ಅಂತ 2018ರಿಂದ ದೇಶದ ಆಹಾರ ಸುರಕ್ಷತಾ ನಿಯಮನೇ ಇದೆ. ಮನೇಲೂ ಹಬ್ಬದ ದಿನ ಉಳಿದ ಎಣ್ಣೆ ನೊರೆ ಬರ್ತಿದ್ರೆ, ಬಣ್ಣ ಕಪ್ಪಾಗಿದ್ರೆ, ಕಮಟು ವಾಸನೆ ಬಂದಿದ್ರೆ ಲೋಭ ಮಾಡದೆ ಚೆಲ್ಲಿಬಿಡಿ.

ದೊಡ್ಡಮ್ಮನ ಬಾಟಲಿ ವಿಷಯಕ್ಕೆ ಬಂದ್ರೆ, ಇದೆಲ್ಲಾ ಹೇಳಿದ ಮೇಲೆ ನಾನು ಅವರನ್ನ ಕೇಳಿದ್ದು ಒಂದೇ, ದೊಡ್ಡಪ್ಪ ಈಗ ಏನೇನು ಮಾತ್ರೆ ತಗೊಳ್ತಿದಾರೆ ಅಂತ. ಹಾರ್ಟಿನ ವಾಲ್ವ್ ಆಪರೇಷನ್ ಆದಾಗಿನಿಂದ ಅವರು ವಾರ್ಫರಿನ್ ತಗೊಳ್ತಾರೆ, ರಕ್ತ ಹೆಪ್ಪುಗಟ್ಟದ ಹಾಗೆ ನೋಡ್ಕೊಳ್ಳೋ ಮಾತ್ರೆ. ವಿಟಮಿನ್ ಇ ದೊಡ್ಡ ಡೋಸಲ್ಲಿ ಅದರ ಜೊತೆ ಸೇರಿದ್ರೆ ರಕ್ತಸ್ರಾವದ ಅಪಾಯ ಜಾಸ್ತಿ ಆಗತ್ತೆ. ನನ್ನ ಕೇಳೋ ಹೊತ್ತಿಗಾಗ್ಲೇ ದೊಡ್ಡಪ್ಪ ಆ ಬಾಟಲಿ ಶುರು ಮಾಡಿ ಒಂದು ವಾರ ಆಗಿತ್ತು, ಒಸಡಲ್ಲಿ ಸ್ವಲ್ಪ ರಕ್ತ ಬರ್ತಿತ್ತಂತೆ, ಬ್ರಷ್ ಗಟ್ಟಿ ಇರಬೇಕು ಅಂತ ಸುಮ್ನಿದ್ರಂತೆ. ಅವತ್ತೇ ನಿಲ್ಲಿಸೋಕೆ ಹೇಳ್ದೆ, ಮಾರನೇ ದಿನ ಬಾಟಲಿ ಸಮೇತ ಅವರ ಹಾರ್ಟ್ ಡಾಕ್ಟರ ಹತ್ರ ಹೋಗಿ ರಕ್ತ ಪರೀಕ್ಷೆ ಮಾಡಿಸ್ಕೊಂಡು ಬಂದ್ರು, ಡಾಕ್ಟರೂ ಇದು ಬೇಡ ಅಂದ್ರು, ಹತ್ತು ದಿನ ಬಿಟ್ಟು ಮತ್ತೆ ಪರೀಕ್ಷೆಗೆ ಬರೋಕೆ ಹೇಳಿದ್ರು. "2,800 ರೂಪಾಯಿ ಹೋಯ್ತಲ್ಲೋ ಪುಟ್ಟಾ" ಅಂತ ದೊಡ್ಡಮ್ಮ ಬೇಜಾರು ಮಾಡ್ಕೊಂಡ್ರು, ಆ ಬಾಟಲಿ ಬೇರೆ ಯಾರಿಗೂ ಕೊಡಬೇಡಿ ದೊಡ್ಡಮ್ಮ, ಅತ್ತೆಗೂ ಬೇಡ, ಕೆಲಸದ ಲಕ್ಕಮ್ಮಂಗೂ ಬೇಡ ಅಂತ ಹೇಳಿ ಫೋನಿಟ್ಟೆ. ಇವತ್ತು ಬೆಳಿಗ್ಗೆ ಫೋನ್ ಮಾಡಿದ್ರು, ಒಸಡಿನ ರಕ್ತ ನಿಂತಿದೆ, ಹಿತ್ತಲ ಸೀಬೆ ಮರದಲ್ಲಿ ಕಾಯಿ ಬಲಿತಿವೆ, ಬಂದು ತಗೊಂಡು ಹೋಗು ಅಂತ.